ಶಾಲೆ ತಿದ್ದಿದ ಕರಾಟೆ

ಮಕ್ಕಳನ್ನು ಶಾಲೆಗೆ ಸೇರಿಸದೆ ಮನೆಯಲ್ಲೇ ಓದಿಸುವ ತಂದೆತಾಯಂದಿರು ಹೊರಗೆ ಕಳಿಸುವ ಕೆಲವೇ ಕ್ಲಾಸುಗಳಲ್ಲಿ ಕರಾಟೆಯೂ ಒಂದು. ಪುಣೆಯ ಸೊಸೈಟಿ ಹಾಲ್ ಇರಲಿ, ಚೆನ್ನೈನ ಟೆರೇಸ್ ಇರಲಿ, ನೋಟ ಒಂದೇ: ಬಿಳಿ ಬಟ್ಟೆ, ನೇರ ಸಾಲು, ಮಾಸ್ತರರು ‘ಇಚಿ, ನಿ, ಸಾನ್’ ಎಂದು ಎಣಿಸಿದಂತೆಲ್ಲ ಒಟ್ಟಿಗೆ ಮುಂದಕ್ಕೆ ಚಾಚುವ ಮುಷ್ಟಿಗಳು. ನೋಡಿದವರಿಗೆ ಇದು ಯಾವುದೋ ಪುರಾತನ ಯೋಧರ ವಿದ್ಯೆ ಅನ್ನಿಸುತ್ತದೆ. ವಿದ್ಯೆ ಹಳೆಯದು ನಿಜ. ಆದರೆ ಸಾಲು, ಎಣಿಕೆ, ಸಮವಸ್ತ್ರ, ದರ್ಜೆ ಇವೆಲ್ಲ ಕರಾಟೆಗೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ, ಬಹುಮಟ್ಟಿಗೆ ಶಾಲೆಯ ಮೂಲಕ. ಶಾಲೆ ಬೇಡವೆಂದ ಮನೆಯ ಮಗು ವಾರಕ್ಕೆರಡು ಸಂಜೆ ಹೋಗಿ ನಿಲ್ಲುವುದು ಒಂದು ಹಳೆಯ ಶಾಲೆಯ ಅಂಗಳದಲ್ಲೇ.

ಆ ಶಾಲೆಗಳಿದ್ದದ್ದು ಓಕಿನಾವಾದಲ್ಲಿ. ಜಪಾನಿನ ದಕ್ಷಿಣಕ್ಕಿರುವ ಈ ದ್ವೀಪಗಳು ರ್ಯೂಕ್ಯೂ ಎಂಬ ಬೇರೆಯೇ ರಾಜ್ಯವಾಗಿದ್ದವು. ಚೀನಾದೊಂದಿಗೆ ಅವಕ್ಕೆ ಶತಮಾನಗಳ ವ್ಯಾಪಾರ, ರಾಜತಾಂತ್ರಿಕ ನಂಟು ಇತ್ತು. ಕೈಕಾಲುಗಳ ಹೋರಾಟದ ವಿದ್ಯೆಯಲ್ಲಿ ಒಂದು ಪಾಲು ಬಂದದ್ದೂ ಆ ದಾರಿಯಲ್ಲೇ. ಗುರು ತನ್ನ ಮನೆಯಂಗಳದಲ್ಲಿ ಒಬ್ಬರಿಗೋ ಇಬ್ಬರಿಗೋ ಕಲಿಸುತ್ತಿದ್ದ. ಒಂದೇ ‘ಕತಾ’ವನ್ನು ವರ್ಷಗಟ್ಟಲೆ ತಿದ್ದುವುದು ರೂಢಿ. ಕತಾ ಎಂದರೆ ಕ್ರಮವಾಗಿ ಜೋಡಿಸಿದ ಹೆಜ್ಜೆ, ಹೊಡೆತ, ತಡೆಗಳ ಸರಣಿ. ನಮ್ಮ ಗರಡಿಯ ಮಾತಿನಲ್ಲಿ ‘ವರಸೆ’. ಸಂಗೀತ ಕಲಿಯುವ ಮಗು ಸರಳೆ ವರಸೆ, ಜಂಟಿ ವರಸೆ ಎನ್ನುವಾಗ ಬಳಸುವ ಪದವೂ ಅದೇ; ಎರಡು ಕಡೆಯೂ ಅರ್ಥ ಒಂದೇ, ಸಾಲು.

1879ರಲ್ಲಿ ಜಪಾನ್ ಈ ರಾಜ್ಯವನ್ನು ನುಂಗಿ ಓಕಿನಾವಾ ಎಂಬ ಪ್ರಾಂತ್ಯ ಮಾಡಿತು. ಜಪಾನಿ ಭಾಷೆಯ ಶಾಲೆಗಳು ಬಂದವು, ಕಡ್ಡಾಯ ಸೇನಾಸೇವೆ ಬಂತು. ಆಗ ಶೂರಿ ಪಟ್ಟಣದ ಇತೊಸು ಆಂಕೊ (1831–1915) ಎಂಬ ಹಿರಿಯ ಗುರು ಈ ವಿದ್ಯೆಯನ್ನು ಶಾಲೆಯೊಳಕ್ಕೆ ತಂದ. 1901ರ ಸುಮಾರಿಗೆ ಪ್ರಾಥಮಿಕ ಶಾಲೆಯಲ್ಲಿ, ಕೆಲವೇ ವರ್ಷಗಳಲ್ಲಿ ಮಾಧ್ಯಮಿಕ ಶಾಲೆಯಲ್ಲಿ ಪಾಠ ಶುರುವಾಯಿತು. 1908ರಲ್ಲಿ ಅವನು ಹತ್ತು ಅಂಶಗಳ ಪತ್ರವೊಂದನ್ನು ಬರೆದ. ಚಿಕ್ಕಂದಿನಿಂದಲೇ ಇದನ್ನು ಕಲಿತವರು ಮುಂದೆ ಸೈನ್ಯಕ್ಕೂ ಒದಗುತ್ತಾರೆ ಎಂಬುದು ಅದರಲ್ಲಿನ ಒಂದು ವಾದ.

ಒಬ್ಬ ಶಿಷ್ಯನ ಜಾಗದಲ್ಲಿ ಒಂದು ತರಗತಿಯೇ ಎದುರಿಗೆ ನಿಂತಾಗ ಪಾಠ ಬದಲಾಗಲೇಬೇಕು. ಉದ್ದದ ಕತಾಗಳಿಂದ ತುಣುಕುಗಳನ್ನು ಆಯ್ದು ಇತೊಸು ಐದು ಚಿಕ್ಕ ಕತಾಗಳನ್ನು ಕಟ್ಟಿದ. ಮಕ್ಕಳು ಸಾಲಾಗಿ ನಿಂತರು, ಎಣಿಕೆಗೆ ತಕ್ಕಂತೆ ಹೆಜ್ಜೆ ಹಾಕಿದರು. ಹಿಂದೆ ಸರಿದದ್ದು ವಿವರಣೆ. ಈ ಕೈ ಯಾಕೆ ಸೊಂಟಕ್ಕೆ ಬರುತ್ತದೆ, ಎದುರಾಳಿ ಎಲ್ಲಿದ್ದಾನೆ, ಇದು ತಡೆಯೋ ಹಿಡಿತವೋ ಎಂಬ ಪ್ರಶ್ನೆಗಳಿಗೆ ಸಾಮೂಹಿಕ ಕವಾಯತಿನಲ್ಲಿ ಬಿಡುವಿರಲಿಲ್ಲ.

ಅದೇ ಕಾಲದ ಅದೇ ಶಾಲೆಗಳಲ್ಲಿ ಇನ್ನೊಂದು ಪಾಠವೂ ನಡೆಯುತ್ತಿತ್ತು. ಮನೆಮಾತಾದ ರ್ಯೂಕ್ಯೂ ನುಡಿಯನ್ನು ಶಾಲೆಯಲ್ಲಿ ಆಡಿದ ಮಗುವಿನ ಕೊರಳಿಗೆ ಒಂದು ಮರದ ಹಲಗೆ ತೂಗುಹಾಕುತ್ತಿದ್ದರು. ಅದರ ಹೆಸರು ‘ಹೋಗೆನ್ ಫುದಾ’, ಅಂದರೆ ಉಪಭಾಷೆಯ ಚೀಟಿ. ಇನ್ನೊಬ್ಬರು ಮನೆಮಾತು ಆಡಿ ಸಿಕ್ಕಿಬೀಳುವ ತನಕ ಅದು ಅಲ್ಲೇ ನೇತಾಡುತ್ತಿತ್ತು. ಓಕಿನಾವಾದ ಮುಷ್ಟಿಗೆ ಪಠ್ಯದಲ್ಲಿ ಜಾಗ ಸಿಕ್ಕಿತು, ಓಕಿನಾವಾದ ನಾಲಿಗೆಗೆ ಸಿಗಲಿಲ್ಲ. ಇಂದು ಯುನೆಸ್ಕೋ ಓಕಿನಾವಾ ಭಾಷೆಯನ್ನು ಅಳಿವಿನಂಚಿನ ಭಾಷೆಗಳ ಪಟ್ಟಿಯಲ್ಲಿಟ್ಟಿದೆ. ಕನ್ನಡವನ್ನು ಮನೆಯೊಳಗಷ್ಟೇ ಕೇಳಿ ಬೆಳೆಯುತ್ತಿರುವ ಮಕ್ಕಳ ಹೆತ್ತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೆಸರುಗಳಲ್ಲೂ ಇದೇ ಕಥೆ ಕಾಣುತ್ತದೆ. ಇತೊಸುವಿನ ಐದು ಕತಾಗಳ ಹೆಸರು ‘ಪಿನಾನ್’. ಅವನ ಶಿಷ್ಯ, ಶಾಲಾ ಮೇಷ್ಟ್ರಾಗಿದ್ದ ಫುನಾಕೊಶಿ ಗಿಚಿನ್ (1868–1957), 1922ರಲ್ಲಿ ಟೋಕಿಯೊ ಸೇರಿದ. ಮುಂದೆ ಅದೇ ಎರಡು ಅಕ್ಷರಗಳನ್ನು ಜಪಾನಿ ರೀತಿಯಲ್ಲಿ ಓದಿ ‘ಹೇಯಾನ್’ ಎಂದ. ಅರ್ಥ ಬದಲಾಗಲಿಲ್ಲ: ಶಾಂತಿ. ‘ಕೂಶಾಂಕು’ ಎಂಬ ಹಳೆಯ ಕತಾ ‘ಕಾಂಕು’ ಆಯಿತು. ಕೊನೆಗೆ ವಿದ್ಯೆಯ ಹೆಸರೇ ಬದಲಾಯಿತು. ‘ಕರಾ’ ಎಂಬುದನ್ನು ಮೊದಲು ಚೀನಾವನ್ನು ಸೂಚಿಸುವ ಅಕ್ಷರದಲ್ಲಿ ಬರೆಯುತ್ತಿದ್ದರು. ಆಗ ಕರಾಟೆ ಎಂದರೆ ‘ಚೀನಾದ ಕೈ’. ಅದೇ ಉಚ್ಚಾರದ ಇನ್ನೊಂದು ಅಕ್ಷರಕ್ಕೆ ‘ಬರಿದು’ ಎಂಬ ಅರ್ಥವಿದೆ. 1936ರ ಅಕ್ಟೋಬರ್ 25ರಂದು ನಾಹಾ ನಗರದಲ್ಲಿ ಸೇರಿದ ಗುರುಗಳು ಎರಡನೆಯದನ್ನೇ ಒಪ್ಪಿದರು. ಚೀನಾದೊಂದಿಗಿನ ದೊಡ್ಡ ಯುದ್ಧದ ಹೊಸ್ತಿಲಲ್ಲಿದ್ದ ಜಪಾನಿನಲ್ಲಿ ‘ಬರಿಗೈ’ ಸಲೀಸಾಗಿ ಚಲಾವಣೆಗೆ ಬಂತು.

ಬಿಳಿ ಬಟ್ಟೆ ಮತ್ತು ಕಪ್ಪು ಬೆಲ್ಟ್ ಬಂದದ್ದು ಜೂಡೊದಿಂದ. ಅದನ್ನು 1882ರಲ್ಲಿ ಕಟ್ಟಿದ ಕಾನೊ ಜಿಗೊರೊ (1860–1938) ಕೂಡ ಶಿಕ್ಷಕನೇ; ಮುಂದೆ ಟೋಕಿಯೊದ ಶಿಕ್ಷಕರ ತರಬೇತಿ ಕಾಲೇಜಿನ ಮುಖ್ಯಸ್ಥನಾದವನು. ಫುನಾಕೊಶಿಯನ್ನು ತನ್ನ ಕೇಂದ್ರಕ್ಕೆ ಕರೆದು ಪ್ರದರ್ಶನ ಕೊಡಿಸಿದವನೂ ಅವನೇ. ಆದರೆ ಕಾನೊ ವಿವರಣೆಯನ್ನು ಬಿಡಲಿಲ್ಲ. ಎದುರಾಳಿಯನ್ನು ಕೆಡಹುವುದನ್ನು ಮೂರು ಹಂತವಾಗಿ ಬಿಡಿಸಿದ: ಸಮತೋಲ ಕದಲಿಸುವುದು, ತನ್ನ ಮೈಯನ್ನು ಸರಿಯಾದ ಜಾಗಕ್ಕೆ ತರುವುದು, ಎಸೆಯುವುದು. ಸಮತೋಲ ಕದಲದಿದ್ದರೆ ಎಷ್ಟು ಬಲ ಹಾಕಿದರೂ ವ್ಯರ್ಥ. ಗುರುತ್ವಕೇಂದ್ರ ಪಾದಗಳ ನಡುವಿನ ನೆಲೆಯಿಂದ ಹೊರಬಿದ್ದರೆ ಬೀಳುತ್ತೇವೆ ಎಂಬ ಭೌತಶಾಸ್ತ್ರದ ಪಾಠವನ್ನು ಮಗು ಇಲ್ಲಿ ಬೆನ್ನಿನಿಂದ ಕಲಿಯುತ್ತದೆ.

ಹಾಗಾಗಿ ಮನೆಯಲ್ಲಿ ಓದುವ ಮಗುವಿಗೆ ಈ ಕ್ಲಾಸು ಬರಿ ‘ಪಿ.ಟಿ. ಪೀರಿಯಡ್’ ಆಗಬೇಕಿಲ್ಲ. ಮೊದಲ ಹೇಯಾನ್ ಕತಾದ ಹೆಜ್ಜೆಗಳನ್ನು ಚೌಕುಳಿ ಕಾಗದದ ಮೇಲೆ ಬರೆದರೆ 90, 180, 270 ಡಿಗ್ರಿ ತಿರುವುಗಳೂ ಕೊನೆಯಲ್ಲಿ 45 ಡಿಗ್ರಿಯ ಓರೆ ಹೆಜ್ಜೆಗಳೂ ಸಿಗುತ್ತವೆ. ಎಲ್ಲ ತಿರುಗಿ ಹೊರಟಲ್ಲಿಗೇ ಯಾಕೆ ಬಂದೆವು ಎಂದು ಕೇಳಿದರೆ ರೇಖಾಗಣಿತ ಶುರುವಾಯಿತು. ‘ಸಾನ್’ ಎಂಬ ಮೂರನ್ನು ಟೇಕ್ವಾಂಡೊ ಕಲಿಯುವ ಪಕ್ಕದ ಮನೆಯ ಮಗುವಿನ ಕೊರಿಯನ್ ‘ಸಾಮ್’ ಜೊತೆ ಇಟ್ಟರೆ, ಚೀನಾದಿಂದ ಎರಡು ಭಾಷೆಗಳಿಗೆ ಸಾಲ ಹೋದ ಒಂದೇ ಪದ ಕಣ್ಣಿಗೆ ಬೀಳುತ್ತದೆ. ನಮ್ಮಲ್ಲಿ ಹಟಕ್ಕೆ ‘ಪಟ್ಟು ಹಿಡಿಯುವುದು’ ಎನ್ನುತ್ತೇವಲ್ಲ, ಕುಸ್ತಿಯ ಹಿಡಿತಕ್ಕೂ ಪಟ್ಟು ಎಂದೇ ಹೆಸರು ಎಂದು ಅಲ್ಲಿಂದ ಕನ್ನಡಕ್ಕೂ ಬರಬಹುದು.

ಇವೆಲ್ಲ ತಾವಾಗಿ ಸಿಗುವುದಿಲ್ಲ. ಕರಾಟೆ ಶಿಸ್ತು ಕಲಿಸುತ್ತದೆ ಎಂಬ ಮಾತಿಗಷ್ಟೇ ತೃಪ್ತರಾದರೆ ನಮಗೆ ಸಿಗುವುದು 1901ರ ಕವಾಯತು ಮಾತ್ರ. ಇತೊಸುವಿಗೆ ತರಗತಿ ತುಂಬ ಮಕ್ಕಳಿದ್ದರು, ಸಮಯವಿರಲಿಲ್ಲ. ಮನೆಯಲ್ಲಿ ಕಲಿಸುವವರಿಗೆ ಒಂದೋ ಎರಡೋ ಮಕ್ಕಳು, ಇಡೀ ದಿನ ಕೈಯಲ್ಲಿದೆ. ಸಾಲಿನಲ್ಲಿ ನಿಂತಾಗ ಕೇಳಲಾಗದ ‘ಯಾಕೆ’ಯನ್ನು ಕ್ಲಾಸು ಮುಗಿದ ಮೇಲೆ ಮಾಸ್ತರರ ಹತ್ತಿರ ಕೇಳಿಬರಲು ಮಗುವಿಗೆ ಹೇಳಿಕೊಡಿ. ಉತ್ತರ ಸಿಕ್ಕರೆ ಅಂಗಳದ ಹಳೆಯ ಪಾಠ ಸ್ವಲ್ಪ ಮರಳಿ ಬಂದಂತೆ. ಸಿಗದಿದ್ದರೆ ಅದನ್ನು ಹುಡುಕುವುದೇ ಮರುದಿನದ ಪಾಠ.