ಮುಳುಗುಗಾರರ ಉಸಿರಾಟ ನಿಯಂತ್ರಕ (ಸ್ಕೂಬಾ ರೆಗ್ಯುಲೇಟರ್): ಹೊಂದಾಣಿಕೆ ಹಾಗೂ ದುರಸ್ತಿಯ ವಿಶೇಷ ಉಪಕರಣಗಳು

ಸುರಪುರ ತಾಲ್ಲೂಕಿನ ತಿಂಥಣಿಯು ಕೃಷ್ಣಾ ನದಿಯ ದಡದಲ್ಲಿದ್ದು, ಮೌನೇಶ್ವರರ ಜಾತ್ರೆಗೆ ಬರುವ ಭಕ್ತಾದಿಗಳು ನದಿಯಲ್ಲಿ ಸ್ನಾನ ಮಾಡುವುದು ವಾಡಿಕೆಯಾಗಿದೆ. ನದಿಯ ಮೇಲ್ಭಾಗದಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯವಿರುವುದರಿಂದ, ನೀರು ಹೊರಬಿಟ್ಟ ಸಮಯದಲ್ಲಿ ಇಲ್ಲಿನ ಹರಿವು ಬದಲಾಗುತ್ತದೆ. ನೀರಿನಲ್ಲಿ ಕಾಣೆಯಾದವರ ಶೋಧಕ್ಕಾಗಿ ಉಸಿರಾಟ ಸಾಧನಗಳನ್ನು ಹೊಂದಲು ಬಯಸುವ ಸಂಘ-ಸಂಸ್ಥೆಗಳು, ಗ್ರಾಮಸ್ಥರು ಹಾಗೂ ದುರಸ್ತಿ ವೃತ್ತಿಯನ್ನು ಕೈಗೊಳ್ಳಲು ಇಚ್ಛಿಸುವ ಅರ್ಜಿದಾರರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಅವಘಡ ಸಂಭವಿಸಿದಾಗ ಯಾವುದೇ ಅರ್ಜಿಯ ಅಗತ್ಯವಿರುವುದಿಲ್ಲ. ಕೂಡಲೇ 112 ಸಂಖ್ಯೆಗೆ ಕರೆ ಮಾಡತಕ್ಕದ್ದು.

ನಿಯಂತ್ರಕದ ಕಾರ್ಯ

ಸಿಲಿಂಡರಿನಲ್ಲಿ ಗಾಳಿಯು ಸುಮಾರು 200 ಬಾರ್ ಒತ್ತಡದಲ್ಲಿರುತ್ತದೆ. ಇದನ್ನು ಮನುಷ್ಯನು ನೇರವಾಗಿ ಉಸಿರಾಡಲು ಸಾಧ್ಯವಿಲ್ಲ. ಸಿಲಿಂಡರಿಗೆ ಜೋಡಿಸುವ ಮೊದಲ ಹಂತವು ಈ ಒತ್ತಡವನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 9ರಿಂದ 10 ಬಾರ್ ಹೆಚ್ಚಿನ ಮಟ್ಟಕ್ಕೆ ಇಳಿಸುತ್ತದೆ. ಬಾಯಿಯಲ್ಲಿ ಕಚ್ಚಿಕೊಳ್ಳುವ ಎರಡನೆಯ ಹಂತವು, ಉಸಿರೆಳೆದಾಗ ಮಾತ್ರ, ಆಳಕ್ಕೆ ತಕ್ಕ ಒತ್ತಡದಲ್ಲಿ ಗಾಳಿಯನ್ನು ಒದಗಿಸುತ್ತದೆ. 1943ರಲ್ಲಿ ಫ್ರಾನ್ಸ್ ದೇಶದ ಝಾಕ್ ಕುಸ್ಟೋ ಮತ್ತು ಎಮಿಲ್ ಗಾನ್ಯಾನ್ ರೂಪಿಸಿದ ಸಾಧನವು ಇದರ ಮೂಲ. ಯುದ್ಧಕಾಲದಲ್ಲಿ ಪೆಟ್ರೋಲಿನ ಅಭಾವದಿಂದ ಅನಿಲದಲ್ಲಿ ಓಡಿಸುತ್ತಿದ್ದ ಮೋಟಾರು ವಾಹನಗಳ ಕವಾಟವನ್ನೇ ಗಾನ್ಯಾನ್ ಇದಕ್ಕೆ ಅಳವಡಿಸಿದ್ದರು.

ಉಪಕರಣಗಳು

ಮಧ್ಯಂತರ ಒತ್ತಡ ಮಾಪಕವು ಎಲ್ಲಕ್ಕಿಂತ ಮುಖ್ಯವಾದುದು. ಒಂದೇ ಉಪಕರಣ ಕೊಳ್ಳಲು ಹಣವಿದ್ದಲ್ಲಿ ಇದನ್ನೇ ಕೊಳ್ಳುವುದು ಸೂಕ್ತ. ಇದನ್ನು ಕಡಿಮೆ ಒತ್ತಡದ ಕೊಳವೆಗೆ ಜೋಡಿಸಿ ಸಿಲಿಂಡರಿನ ಕವಾಟವನ್ನು ನಿಧಾನವಾಗಿ ತೆರೆದಾಗ ಮುಳ್ಳು ಒಂದೆಡೆ ನಿಲ್ಲಬೇಕು. ನಿಲ್ಲದೆ ಸ್ವಲ್ಪ ಸ್ವಲ್ಪವೇ ಮೇಲೇರುತ್ತಿದ್ದರೆ ಒಳಗಿನ ಕವಾಟದ ಪೀಠವು ಸವೆದಿದೆಯೆಂದು ತಿಳಿಯತಕ್ಕದ್ದು. ಇಂತಹ ನಿಯಂತ್ರಕವು ದಡದ ಮೇಲೆ ಚೆನ್ನಾಗಿಯೇ ಉಸಿರು ನೀಡಬಹುದು. ನೀರಿನಡಿಯಲ್ಲಿ ತಡೆಯಿಲ್ಲದೆ ಸೋರತೊಡಗಿ ಕೆಲವೇ ನಿಮಿಷಗಳಲ್ಲಿ ಸಿಲಿಂಡರನ್ನು ಬರಿದು ಮಾಡುವ ಸಂಭವವಿರುತ್ತದೆ. ಪರೀಕ್ಷೆಯ ವೇಳೆ ಎರಡನೆಯ ಹಂತವನ್ನು ಕಳಚಿಡಬಾರದು. ಒತ್ತಡ ಮಿತಿಮೀರಿದಾಗ ಗಾಳಿಯು ಅದರ ಮೂಲಕವೇ ಹೊರಹೋಗುವುದರಿಂದ, ಅದಿಲ್ಲದಿದ್ದಲ್ಲಿ ಕೊಳವೆ ಸಿಡಿಯಬಹುದು.

ಮೊದಲ ಹಂತವನ್ನು ಬಿಚ್ಚಲು ಅದನ್ನು ನೇರವಾಗಿ ವೈಸಿನಲ್ಲಿ ಬಿಗಿಯುವಂತಿಲ್ಲ. ಹಿತ್ತಾಳೆಯ ಒಡಲು ಅಂಕುಡೊಂಕಾಗುತ್ತದೆ. ಅದರ ರಂಧ್ರಕ್ಕೆ ತಿರುಗಿಸಿ ಕೂರಿಸುವ ಮರೆಯುಳ್ಳ ಹಿಡಿಕೆಯನ್ನು ಬಳಸತಕ್ಕದ್ದು. ಸಾಮಾನ್ಯವಾಗಿ ಕಡಿಮೆ ಒತ್ತಡದ ರಂಧ್ರವು 3/8 ಇಂಚು ಹಾಗೂ ಹೆಚ್ಚಿನ ಒತ್ತಡದ ರಂಧ್ರವು 7/16 ಇಂಚು ಅಳತೆಯದಾಗಿರುತ್ತದೆ. ಮುಚ್ಚಳವನ್ನು ತೆಗೆಯಲು ಕೊಕ್ಕೆ ಸ್ಪ್ಯಾನರ್ ಅಥವಾ ಪಿನ್ ಸ್ಪ್ಯಾನರ್, ಮರಳಿ ಬಿಗಿಯಲು ತಯಾರಕರು ತಿಳಿಸಿದ ಅಳತೆಗೆ ಹೊಂದಿಸಿದ ಟಾರ್ಕ್ ವ್ರೆಂಚ್ ಅವಶ್ಯ. ಪೈಪ್ ರೆಂಚ್ ಬಳಸತಕ್ಕದ್ದಲ್ಲ.

ರಬ್ಬರಿನ ಓ-ರಿಂಗ್‌ಗಳನ್ನು ಹೊರತೆಗೆಯಲು ಹಿತ್ತಾಳೆ ಅಥವಾ ಪ್ಲಾಸ್ಟಿಕ್ಕಿನ ಕಡ್ಡಿ ಇರುತ್ತದೆ. ಇದು ನೋಡಲು ಕ್ಷುಲ್ಲಕವೆನಿಸಿ ಅನೇಕರು ದಬ್ಬಣ ಅಥವಾ ಸೇಫ್ಟಿ ಪಿನ್ ಬಳಸುತ್ತಾರೆ. ಉಕ್ಕು ಹಿತ್ತಾಳೆಗಿಂತ ಗಟ್ಟಿಯಾದ್ದರಿಂದ ಓ-ರಿಂಗ್ ಕೂರುವ ತೋಡಿನಲ್ಲಿ ಗೀರು ಬೀಳುತ್ತದೆ. ಕೂದಲೆಳೆಯಷ್ಟು ಗೀರಿನಲ್ಲಿಯೂ ಗಾಳಿ ನುಸುಳುತ್ತದೆ. ಹೊಸ ರಿಂಗ್ ಹಾಕಿದರೂ ಸೋರಿಕೆ ನಿಲ್ಲುವುದಿಲ್ಲ, ಇಡೀ ಒಡಲನ್ನೇ ಬದಲಿಸಬೇಕಾಗುತ್ತದೆ.

ಎರಡನೆಯ ಹಂತದ ಹೊಂದಾಣಿಕೆಗೆ ಕೊಳವೆಯ ಕಡೆಯಿಂದ ತೂರಿಸಿ ಗಾಳಿರಂಧ್ರವನ್ನು ತಿರುಗಿಸುವ ಸಾಲು ಹೊಂದಾಣಿಕೆ ಉಪಕರಣವಿದೆ. ತಿರುಗಿಸುವಾಗಲೆಲ್ಲಾ ಮುಂಭಾಗದ ಗುಂಡಿಯನ್ನು ಒತ್ತಿ ಹಿಡಿಯತಕ್ಕದ್ದು. ಇಲ್ಲವಾದಲ್ಲಿ ರಂಧ್ರದ ಹರಿತವಾದ ಅಂಚು ಮೃದು ಪೀಠವನ್ನು ಕತ್ತರಿಸುತ್ತದೆ. ಉಸಿರೆಳೆಯಲು ಬೇಕಾಗುವ ಶ್ರಮವನ್ನು ನೀರಿನ ಕಂಬದ ಎತ್ತರದಲ್ಲಿ ಅಳೆಯುವ ಸೂಕ್ಷ್ಮ ಮಾಪಕವಿದ್ದು, ಸಾಮಾನ್ಯವಾಗಿ 1ರಿಂದ 1.5 ಇಂಚು ಬರಬೇಕು. ಮಾಪಕವಿಲ್ಲದವರು ಬಕೆಟ್ಟಿನ ನೀರಿನಲ್ಲಿ ಎರಡನೆಯ ಹಂತವನ್ನು ಬಾಯಿಭಾಗ ಮೇಲಿರುವಂತೆ ಮೆಲ್ಲಗೆ ಇಳಿಸಿ, ಒಳಗಿನ ಪರದೆಯು ಎಷ್ಟು ಮುಳುಗಿದಾಗ ಗಾಳಿ ಹೊರಡುತ್ತದೆಂದು ಅಂದಾಜು ನೋಡಬಹುದು.

ನದಿನೀರಿನ ವಿಶೇಷತೆ

ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಂತಹ ಸಮುದ್ರದ ಕಡೆ ಉಪ್ಪು ಲೋಹವನ್ನು ತಿನ್ನುತ್ತದೆ. ನಮ್ಮ ಭಾಗದಲ್ಲಿ ಉಪ್ಪಿನ ತೊಂದರೆಯಿಲ್ಲ, ಆದರೆ ಮಳೆಗಾಲದ ಕೃಷ್ಣೆಯ ಕೆಂಪು ರಾಡಿ, ಮರಳು ಹಾಗೂ ಎರೆಮಣ್ಣು ಸೇರಿ ಸನ್ನೆಕಡ್ಡಿ ಮತ್ತು ಉಸಿರು ಹೊರಬಿಡುವ ಕವಾಟದಲ್ಲಿ ಕುಳಿತುಕೊಳ್ಳುತ್ತದೆ. ಆ ಕವಾಟದಡಿ ಒಂದು ಮರಳಿನ ಕಣ ಸಿಕ್ಕಿಕೊಂಡರೂ ಗಾಳಿಯ ಜೊತೆ ನೀರು ಬಾಯಿಗೆ ಬರುತ್ತದೆ. ಏನೂ ಕಾಣದ ರಾಡಿಯಲ್ಲಿ ಕೈಯಿಂದ ತಡಕುತ್ತಿರುವ ವ್ಯಕ್ತಿಗೆ ಇದು ಗಾಬರಿ ಹುಟ್ಟಿಸಲು ಸಾಕು. ಪ್ರತಿ ಬಳಕೆಯ ನಂತರ, ಮೊದಲ ಹಂತದ ಧೂಳುಮುಚ್ಚಳವನ್ನು ಒಣಗಿಸಿ ಬಿಗಿದ ಮೇಲೆಯೇ, ಶುದ್ಧ ನೀರಿನಲ್ಲಿ ನೆನೆಸಿ ತೊಳೆಯತಕ್ಕದ್ದು. ತೊಳೆಯುವಾಗ ಮುಂಭಾಗದ ಗುಂಡಿಯನ್ನು ಒತ್ತಬಾರದು; ಒತ್ತಿದರೆ ರಾಡಿ ಕೊಳವೆಯೊಳಗೆ ಹೋಗುತ್ತದೆ.

ಬಿಚ್ಚಿದ ಭಾಗಗಳನ್ನು ಗ್ಯಾರೇಜಿನ ರೂಢಿಯಂತೆ ಸೀಮೆಎಣ್ಣೆ ಅಥವಾ ಪೆಟ್ರೋಲಿನಲ್ಲಿ ತೊಳೆಯುವುದನ್ನು ಕಡ್ಡಾಯವಾಗಿ ತಪ್ಪಿಸತಕ್ಕದ್ದು. ಅದರ ಆವಿಯು ಮುಳುಗುಗಾರನ ಶ್ವಾಸಕೋಶಕ್ಕೆ ಹೋಗುತ್ತದೆ, ರಬ್ಬರ್ ಉಬ್ಬುತ್ತದೆ, ಆಮ್ಲಜನಕ ಹೆಚ್ಚಿಸಿದ ಗಾಳಿಯಿದ್ದಲ್ಲಿ ಬೆಂಕಿ ಹತ್ತುವ ಅಪಾಯವೂ ಇದೆ. ಸಾಬೂನು ನೀರು, ನೀರು ಬೆರೆಸಿದ ವಿನೆಗರ್ ಮತ್ತು ಶ್ರವಣಾತೀತ ಶುದ್ಧೀಕರಣ ತೊಟ್ಟಿ ಸಾಕಾಗುತ್ತದೆ. ತಯಾರಕರು ಸೂಚಿಸಿದ ಗ್ರೀಸನ್ನು ಮಾತ್ರ ಹಚ್ಚತಕ್ಕದ್ದು.

ಸಾರ್ವಜನಿಕರು ತಾವೇ ನೋಡಬಹುದಾದ ಅಂಶಗಳು

ಧೂಳುಮುಚ್ಚಳ ಬಿಗಿದು ಬಾಯಿಯಿಂದ ಉಸಿರೆಳೆದರೆ ಗಾಳಿ ಬರಬಾರದು. ಬಂದಲ್ಲಿ ಎಲ್ಲಿಯೋ ತೂತು ಇದೆ. ಮೊದಲ ಹಂತದ ಬಾಯಲ್ಲಿರುವ ಸೋಸುಕ ಹಸಿರಾಗಿದ್ದರೆ ಒಳಗೆ ಕಿಲುಬು, ಕೆಂಪಾಗಿದ್ದರೆ ಉಕ್ಕಿನ ಸಿಲಿಂಡರಿನ ತುಕ್ಕು, ಕಪ್ಪಾಗಿದ್ದರೆ ಕಂಪ್ರೆಸರಿನ ಇದ್ದಿಲ ಪುಡಿ ಎಂದು ಸಾಮಾನ್ಯವಾಗಿ ಊಹಿಸಬಹುದು. ಉಸಿರೆಳೆದಾಗಲೆಲ್ಲಾ ಸಿಲಿಂಡರ್ ಮಾಪಕದ ಮುಳ್ಳು ಕುಸಿದು ಮೇಲೇಳುತ್ತಿದ್ದರೆ ಕವಾಟವು ಪೂರ್ಣ ತೆರೆದಿಲ್ಲ ಅಥವಾ ಸೋಸುಕ ಕಟ್ಟಿದೆ. ಇವುಗಳಲ್ಲಿ ಯಾವುದೇ ದೋಷ ಕಂಡುಬಂದಲ್ಲಿ ಸಾಧನವನ್ನು ನೀರಿಗೆ ಒಯ್ಯತಕ್ಕದ್ದಲ್ಲ.

ಒಳಭಾಗದ ದುರಸ್ತಿಯನ್ನು ಆಯಾ ತಯಾರಕರಿಂದ ತರಬೇತಿ ಪಡೆದ ತಂತ್ರಜ್ಞರಿಂದಲೇ ಮಾಡಿಸತಕ್ಕದ್ದು. ಅನೇಕ ತಯಾರಕರು ವರ್ಷಕ್ಕೊಮ್ಮೆ ಅಥವಾ 100 ಮುಳುಗುಗಳಿಗೊಮ್ಮೆ, ಯಾವುದು ಮೊದಲೋ ಆಗ, ತಪಾಸಣೆ ಸೂಚಿಸುತ್ತಾರೆ. ದಾನವಾಗಿ ಬಂದ ಹಳೆಯ ಸಾಧನಗಳನ್ನು ಸ್ವೀಕರಿಸುವ ಸಂಸ್ಥೆಗಳು ಕೊನೆಯ ತಪಾಸಣೆಯ ದಾಖಲೆಯನ್ನು ಕೇಳಿ ಪಡೆಯತಕ್ಕದ್ದು. ದಾಖಲೆಯಿಲ್ಲದ ಸಾಧನವನ್ನು ತಪಾಸಣೆಯಾಗದ ಸಾಧನವೆಂದೇ ಪರಿಗಣಿಸಬೇಕು. ಸಿಲಿಂಡರುಗಳ ಪರೀಕ್ಷೆ ಹಾಗೂ ಗಾಳಿ ತುಂಬುವಿಕೆಯು ಅನಿಲ ಸಿಲಿಂಡರ್ ನಿಯಮಗಳು, 2016ಕ್ಕೆ ಒಳಪಟ್ಟಿರುತ್ತದೆ.