ಇದ್ದ, ಬಿದ್ದ, ಎದ್ದ, ಗೆದ್ದ

ಮೂರು ವರ್ಷದ ಮಗು "ಅಜ್ಜಿ ಉಂಡಿ ಕೊಡಿದಳು" ಎಂದರೆ ಮನೆಯವರೆಲ್ಲ ನಗುತ್ತಾರೆ. ಅದೇ ಮಗು ಶಾಲೆಯಲ್ಲಿ ಹಾಗೆಂದರೆ ಗದರಿಸುತ್ತಾರೆ. ಆದರೆ ಮಗುವಿನ ಲೆಕ್ಕ ಸರಿಯಾಗಿಯೇ ಇದೆ. ಮಾಡು ಮಾಡಿದ, ಓಡು ಓಡಿದ ಆದ ಮೇಲೆ ಕೊಡು ಕೊಡಿದ ಏಕಾಗಬಾರದು? 'ಕೊಟ್ಟ' ಎಂಬುದನ್ನು ಕೇಳಿ ಕೇಳಿಯೇ ಕಲಿಯಬೇಕು.

ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಪಿಯುಸಿಗೆ ಫ್ರೆಂಚ್ ತೆಗೆದುಕೊಂಡಿದ್ದಳು. ರಜೆಗೆ ಚನ್ನಗಿರಿಗೆ ಬಂದವಳು 'ಎತ್ರ್' ಎಂಬ ಕ್ರಿಯಾಪದವನ್ನು ಉರು ಹೊಡೆಯುತ್ತಿದ್ದಳು. 'ಇರು' ಎಂದು ಅದರರ್ಥ. ನಾನಿದ್ದೇನೆ ಎನ್ನಲು 'ಜ ಸ್ವಿ', ನೀನಿದ್ದೀಯ ಎನ್ನಲು 'ತ್ಯು ಎ', ನಾವಿದ್ದೇವೆ ಎನ್ನಲು 'ನು ಸೊಮ್'. ಒಂದಕ್ಕೊಂದು ಹೋಲಿಕೆಯೇ ಇಲ್ಲ!

"ದೊಡ್ಡಮ್ಮ, ಕನ್ನಡದಲ್ಲಿ ಈ ರಗಳೆ ಇಲ್ಲ ನೋಡು" ಅಂದಳು.

"ಇರು, ಇರಿದ ಅಂತೀಯೇನೇ?" ಅಂದೆ. ನಕ್ಕುಬಿಟ್ಟಳು. ಇರಿದ ಎಂದರೆ ಚಾಕು ಹಾಕಿದ ಎಂದಾಗುತ್ತದಲ್ಲ!

ಈ 'ಇದ್ದ'ನ ಹಿಂದೆ ಒಂದು ಚರಿತ್ರೆಯಿದೆ. ಹಳಗನ್ನಡದಲ್ಲಿ ಅದು 'ಇರ್ದಂ'. ಹಾಗೆಯೇ ಗೆದ್ದವನು 'ಗೆಲ್ದಂ', ಬಿದ್ದವನು 'ಬಿೞ್ದಂ', ಎದ್ದವನು 'ಎೞ್ದಂ'. ಆಗ ಧಾತುವಿನ ಗುರುತು ಕಣ್ಣಿಗೆ ಕಾಣುತ್ತಿತ್ತು. ಬೇಗ ಬೇಗ ಹೇಳಿ ನೋಡಿ, ನಾಲಿಗೆ ತಾನಾಗಿಯೇ 'ದ್ದ'ಕ್ಕೆ ಜಾರುತ್ತದೆ. ಬೇರೆ ಬೇರೆ ಅಕ್ಷರಗಳು ಒಂದೇ ಒತ್ತಿನಲ್ಲಿ ಕರಗಿಹೋದವು. 13ನೆಯ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ೞ ಇರುವ ಪದಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ಜನ ಆ ಅಕ್ಷರವನ್ನು ಮರೆಯತೊಡಗಿದ್ದರಿಂದಲೇ ಅಲ್ಲವೇ ಪಟ್ಟಿ ಬೇಕಾದದ್ದು?

ಫ್ರೆಂಚಿನದು ಇನ್ನೊಂದು ಬಗೆ. 'ಸ್ವಿ', 'ಸೊಮ್' ಲ್ಯಾಟಿನ್ನಿನ 'ಇರು' ಧಾತುವಿನಿಂದ ಬಂದರೆ, 'ಇದ್ದು' ಎಂಬರ್ಥದ 'ಎತೆ' ಬಂದದ್ದು 'ನಿಲ್ಲು' ಎಂಬ ಧಾತುವಿನಿಂದ. ಎರಡು ಮನೆಯ ಮಕ್ಕಳು ಒಂದೇ ಮನೆಯಲ್ಲಿ ಬೆಳೆದ ಹಾಗೆ.

ದಿನಾ ಬಳಸುವ ಕ್ರಿಯಾಪದಗಳೇ ಹೀಗೆ ಅಂಕುಡೊಂಕಾಗಿ ಉಳಿಯುತ್ತವೆ. ಬಾ, ಹೋಗು, ತಿನ್ನು, ಕೊಡು, ನಗು ನೋಡಿ. ಬಾಯಿಂದ ಬಾಯಿಗೆ ಸಾಗುವುದರಿಂದ ಅವುಗಳ ಹಳೆಯ ರೂಪ ಮರೆಯುವುದಿಲ್ಲ. ಪರೀಕ್ಷಿಸು, ಉದ್ಘಾಟಿಸು ಮುಂತಾದವೋ, ತಪ್ಪದೆ 'ಸಿದ' ಎಂದು ಸಾಲಾಗಿ ನಿಲ್ಲುತ್ತವೆ.

1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ಹೊನ್ನಾಳಿಯಲ್ಲಿದ್ದ ನ್ಯಾಮತಿ ಆಮೇಲೆ ಬೇರೆ ತಾಲ್ಲೂಕಾಯಿತು. ಗಡಿ ಬದಲಾದರೂ ಬಾಯಿಮಾತು ಬದಲಾಗಲಿಲ್ಲ. ನಮ್ಮ ಕಡೆ 'ಇದೆ' ಎಂಬುದು ಕೆಲವರಿಗೆ 'ಐತಿ', ಕೆಲವರಿಗೆ 'ಐತೆ'. ಹಳ್ಳಿಯಿಂದ ಪೇಟೆಯ ಶಾಲೆಗೆ ಸೇರಿದ್ದ ಹುಡುಗಿಯೊಬ್ಬಳು ಸೂಳೆಕೆರೆ ಎಲ್ಲಿದೆ ಎಂಬ ಪ್ರಶ್ನೆಗೆ "ಚನ್ನಗಿರಿ ತಾಲ್ಲೂಕಿನಾಗ ಐತಿ" ಎಂದಳು. ಉತ್ತರ ಸರಿಯಾಗಿತ್ತು. ತರಗತಿ ನಕ್ಕಿತು, ಪಾಠ ಮಾಡುತ್ತಿದ್ದವರೂ ನಕ್ಕರು. ಆ ವರ್ಷವಿಡೀ ಅವಳು ಮತ್ತೆ ಕೈ ಎತ್ತಲಿಲ್ಲ.

'ಇರ್ದಂ' ಸವೆದು 'ಇದ್ದ'ನಾದರೆ ಅದು ವ್ಯಾಕರಣ, ಹೊನ್ನಾಳಿಯ ಬಾಯಲ್ಲಿ ಇದೇ ಕ್ರಿಯಾಪದ 'ಐತಿ' ಎಂದರೆ ತಪ್ಪು ಎನ್ನುವುದು ಯಾವ ನ್ಯಾಯ? ಪರೀಕ್ಷೆಯಲ್ಲಿ 'ಇದೆ' ಎಂದು ಬರೆಯಬೇಕು ನಿಜ, ಅದನ್ನು ಕಲಿಸೋಣ. ಆದರೆ ಅವ್ವನ ಮಾತನ್ನು ಹಂಗಿಸಿ ಕಲಿಸುವುದು ಬೇಡ. 'ಕೊಡಿದಳು' ಎನ್ನುವ ಕೂಸಿಗೂ ಬೈಗುಳ ಬೇಕಿಲ್ಲ. "ಹೌದಾ ಪುಟ್ಟಿ, ಅಜ್ಜಿ ಕೊಟ್ಟಳಾ?" ಎಂದರೆ ಸಾಕು. ಕೇಳುತ್ತಾ ಕೇಳುತ್ತಾ ಅದೇ ತಿದ್ದಿಕೊಳ್ಳುತ್ತದೆ.