ಸೇಬಿನ ತೋಟದಲ್ಲಿ ಕವಲೊಡೆದ ನೊಣ

ಹೊಸ ಪ್ರಭೇದ ಹುಟ್ಟಲು ಬೆಟ್ಟವೋ ಕಡಲೋ ಅಡ್ಡ ಬರಲೇಬೇಕು ಎಂಬ ನಂಬಿಕೆಯನ್ನು ಅಮೆರಿಕದ ಸೇಬಿನ ತೋಟಗಳ ಚರಿತ್ರೆ ಅಲುಗಾಡಿಸುತ್ತದೆ. ಯುರೋಪಿನ ವಲಸಿಗರು 17ನೆಯ ಶತಮಾನದಲ್ಲಿ ಸೇಬನ್ನು ಅಲ್ಲಿಗೆ ಒಯ್ದರು. ಆ ನೆಲದ ಒಂದು ಹಣ್ಣುನೊಣ ಹಾಥಾರ್ನ್ ಎಂಬ ಮುಳ್ಳುಗಿಡದ ಪುಟ್ಟ ಕೆಂಪು ಹಣ್ಣುಗಳಲ್ಲಿ ಮೊಟ್ಟೆಯಿಡುತ್ತಿತ್ತು. 19ನೆಯ ಶತಮಾನದ ನಡುವೆ ಹಡ್ಸನ್ ಕಣಿವೆಯ ಸೇಬಿನೊಳಗೂ ಅದರ ಹುಳು ಕಾಣಿಸಿತು. ಆಹಾರದ ಗಿಡ ಬದಲಾದರೆ ಕೀಟದ ಕುಲವೂ ಕವಲೊಡೆಯಬಹುದೆಂದು 1860ರ ದಶಕದಲ್ಲೇ ಕೀಟತಜ್ಞ ಬೆಂಜಮಿನ್ ವಾಲ್ಶ್ ವಾದಿಸಿದರು. ಸೇಬು ಹಾಥಾರ್ನ್‌ಗಿಂತ ಮೂರ್ನಾಲ್ಕು ವಾರ ಮೊದಲೇ ಮಾಗುತ್ತದೆ. ರೆಕ್ಕೆ ಬಂದ ನೊಣ ಬದುಕುವುದು ಸುಮಾರು ಒಂದು ತಿಂಗಳು. ಗಂಡುಹೆಣ್ಣು ಕೂಡುವುದು ಹಣ್ಣಿನ ಮೇಲೋ ಅದರ ಆಸುಪಾಸಿನಲ್ಲೋ. ಹೀಗೆ ಸೇಬಿನ ನೊಣಕ್ಕೂ ಹಾಥಾರ್ನ್ ನೊಣಕ್ಕೂ ನಡುವೆ ಕಾಲವೇ ಬೇಲಿಯಾಯಿತು.

ಒಂದೇ ತೋಪಿನ ಜೀವಿಗಳು ಬೆರೆಯುತ್ತವೆ, ಬೆರೆತರೆ ಭೇದ ಅಳಿಸಿಹೋಗುತ್ತದೆ ಎಂಬುದು ಜೀವವಿಜ್ಞಾನಿ ಅರ್ನ್‌ಸ್ಟ್ ಮಯರ್ ಅಂಥವರ ಬಲವಾದ ಆಕ್ಷೇಪ. ಈ ನೊಣಗಳೂ ಅಲ್ಪಸ್ವಲ್ಪ ಬೆರೆಯುತ್ತವೆ. ಆದರೂ ಎರಡು ಗುಂಪುಗಳ ಆನುವಂಶಿಕ ವ್ಯತ್ಯಾಸ ಅಳಿದಿಲ್ಲವೆಂದು 1988ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿದವು. ಅವಿನ್ನೂ ಬೇರೆ ಪ್ರಭೇದಗಳಾಗಿಲ್ಲ, ನಿಜ. ಆದರೆ ಪ್ರಭೇದ ಹುಟ್ಟುವುದು ಒಂದು ಗಳಿಗೆಯ ಘಟನೆಯಲ್ಲ, ತಲೆಮಾರುಗಳ ನಡಿಗೆ. ಆ ನಡಿಗೆಯ ಅರ್ಧದಾರಿಯನ್ನು ಕಣ್ಣಾರೆ ಕಾಣಿಸಿದ್ದೇ ಈ ಪುಟ್ಟ ನೊಣದ ದೊಡ್ಡ ಕೊಡುಗೆ.